ರೇಷ್ಮೆಗೂಡಿನ ಸಿಪಾಯಿಗಳು

ನನಗೊಂದು ಕೆಟ್ಟ ಚಾಳಿಯಿದೆ. ಕೈಗೆ ಏನು ಸಿಕ್ಕಿದರೂ ಸಾಲಾಗಿ ನಿಲ್ಲಿಸಿಬಿಡುತ್ತೇನೆ. ಕಡಲೆಕಾಯಿ ತಿಂದರೆ ಸಿಪ್ಪೆ ಸಾಲಾಗಿ ನಿಲ್ಲುತ್ತದೆ. ಮದುವೆ ಊಟಕ್ಕೆ ಕೂತರೆ ಎಲೆಯ ತುದಿಯಲ್ಲಿ ಕೋಸಂಬರಿಯ ಹೆಸರುಬೇಳೆ ಕವಾಯತು ಮಾಡುತ್ತದೆ. ಈಗ ವಯಸ್ಸಾಗಿ ಮಾತ್ರೆಗಳ ಕಾಲ ಬಂದಿದೆ. ಮೊನ್ನೆ ಬಿ.ಪಿ. ಮಾತ್ರೆಗಳನ್ನು ಈ ಕಡೆ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಆ ಕಡೆ ನಿಲ್ಲಿಸಿಕೊಂಡು ಮೈಮರೆತಿದ್ದೆ. ನನ್ನ ಹೆಂಡತಿ ಸುಜಾತ ನೀರಿನ ಲೋಟ ತಂದಿಟ್ಟು, "ಯಾರು ಗೆದ್ರು?" ಅಂದಳು. "ಸಕ್ಕರೆ," ಅಂದೆ. ಅವಳಿಗೆ ನಗು ತಡೆಯಲಾಗಲಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ಅವಳನ್ನು ನಗಿಸಿದ್ದು ಬಹುಪಾಲು ಹೀಗೆ, ಉದ್ದೇಶವಿಲ್ಲದೆಯೇ.

ಇದು ಹುಟ್ಟುಗುಣ. ನಮ್ಮೂರು ಗೌರಿಬಿದನೂರು. ನಾನು ಆರೇಳು ವರ್ಷದವನಿದ್ದಾಗ ಅಜ್ಜಿ ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಕಟ್ಟೆಯ ಸುತ್ತ ನೂರಾರು ನಾಗರಕಲ್ಲುಗಳು, ಒಂದರ ಹಿಂದೊಂದು, ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿವೆ. ನನ್ನ ಎದೆ ಉಬ್ಬಿಹೋಯಿತು. "ಅಜ್ಜೀ, ಇವರಲ್ಲಿ ಸೇನಾಪತಿ ಯಾರು?" ಅಂತ ಕೂಗಿ ಕೇಳಿದೆ. ಅಜ್ಜಿ ನನ್ನ ತಲೆಗೆ ಮೊಟಕಿ, ಗಲ್ಲ ಬಡಿಸಿ, ಮೂರು ಸುತ್ತು ಹೆಚ್ಚಿಗೆ ಪ್ರದಕ್ಷಿಣೆ ಹಾಕಿಸಿದಳು. ಆ ಮೂರು ಸುತ್ತಿನಲ್ಲೂ ನಾನು ಸೇನಾಪತಿಯನ್ನೇ ಹುಡುಕುತ್ತಿದ್ದೆ. ಅರಿಶಿನ ಹೆಚ್ಚು ಮೆತ್ತಿಸಿಕೊಂಡ ಒಬ್ಬರು ಇದ್ದರು, ಅವರೇ ಇರಬೇಕು.

ಮನೆಯಲ್ಲಿ ನನ್ನ ಸೈನ್ಯವೆಂದರೆ ಹುಣಸೆಬೀಜ. ಅಪ್ಪ ಬಟ್ಟೆ ಗಿರಣಿಯಿಂದ ತರುತ್ತಿದ್ದ ನೂಲಿನ ಖಾಲಿ ಉರುಳೆಗಳೇ ಫಿರಂಗಿ. ಅಮ್ಮ ಸಾರಿಗೆ ಹುಣಸೆಹಣ್ಣು ಕಿವುಚುವಾಗ ನಾನು ಪಕ್ಕದಲ್ಲೇ ಕೂತು ಸಿಪಾಯಿಗಳ ಭರ್ತಿ ಮಾಡಿಕೊಳ್ಳುತ್ತಿದ್ದೆ. ದೊಡ್ಡವನಾದರೆ ಸರಿಹೋಗುತ್ತದೆ ಎಂದು ಎಲ್ಲರೂ ನಂಬಿದ್ದರು. ದೊಡ್ಡವನಾಗಿ ಚಿಂತಾಮಣಿಯ ಹೈಸ್ಕೂಲೊಂದರಲ್ಲಿ ಸಮಾಜ ಪಾಠದ ಮೇಷ್ಟ್ರಾದೆ. ಸರಿಹೋಗುವ ಬದಲು, ಹುಚ್ಚಿಗೆ ಸರ್ಕಾರಿ ಸಂಬಳವೂ ಸೇರಿಕೊಂಡಿತು.

ಎರಡು ಸಾವಿರದ ಐದೋ ಆರೋ ಇಸವಿ. ಚಿಂತಾಮಣಿಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸೈಬರ್ ಕೆಫೆ ಇತ್ತು. ಪರೀಕ್ಷೆಯ ಫಲಿತಾಂಶ ನೋಡಲೆಂದು ಹೋದವನು ಇನ್ನೇನೋ ಒತ್ತಿ, ಇನ್ನೆಲ್ಲಿಗೋ ಹೋದೆ. ಅಲ್ಲಿ ಯಾವುದೋ ದೇಶದ ನಾಲ್ಕು ಜನ ಗಡ್ಡ ನೆರೆತ ಗಂಡಸರು ದೊಡ್ಡ ಮೇಜಿನ ಸುತ್ತ ಬಗ್ಗಿ ನಿಂತಿದ್ದಾರೆ. ಮೇಜಿನ ಮೇಲೆ ಹಸಿರು ಬೆಟ್ಟ, ಹತ್ತಿಯ ಹೊಗೆ, ಬೆರಳುದ್ದದ ನೂರಾರು ಸಿಪಾಯಿಗಳು. ಹದಿನೆಂಟನೇ ಶತಮಾನದ ಯುದ್ಧವನ್ನು ಟೇಪು ಹಿಡಿದು ಅಳೆದು, ದಾಳ ಹಾಕಿ ಆಡುತ್ತಿದ್ದಾರೆ! ನಂಬುತ್ತೀರೋ ಇಲ್ಲವೋ, ನನಗೆ ಕಣ್ಣು ತುಂಬಿಬಂತು. ಭೂಮಿಯ ಮೇಲೆ ನಾನೊಬ್ಬನೇ ಅಲ್ಲ! ಆಟದ ನಿಯಮಗಳನ್ನು ಹದಿನೆಂಟು ಪುಟ ಪ್ರಿಂಟ್ ತೆಗೆಸಿಕೊಂಡು ಮನೆಗೆ ಬಂದೆ. ಫಲಿತಾಂಶ ನೋಡುವುದು ಮರೆತೇಹೋಗಿತ್ತು.

ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ನನ್ನ ವಿಷಯದಲ್ಲಿ ಆ ಗಾದೆಯೂ ಸೋತಿತ್ತು. ಆಗ ಮದುವೆಯಾಗಿ ಎರಡು ವರ್ಷವಾಗಿತ್ತು. ಸುಜಾತಳ ತೌರು ಕೆಂಚಾರ್ಲಹಳ್ಳಿ ಕಡೆಯ ಒಂದು ಹಳ್ಳಿ. ಹಿಪ್ಪುನೇರಳೆ ತೋಟ, ಹುಳು ಸಾಕೋ ಮನೆ, ಎರಡು ಸೀಮೆಹಸು. ನಮ್ಮ ಮಾವ ಮುನಿವೆಂಕಟಪ್ಪ ಮಾತು ಕಡಿಮೆ, ಮೀಸೆ ಜಾಸ್ತಿ. ನನ್ನ ಮುಂದೆ ಅವರು ಕುರ್ಚಿಯಲ್ಲಿ ಪೂರ್ತಿ ಒರಗಿ ಕೂತದ್ದನ್ನೇ ನಾನು ನೋಡಿರಲಿಲ್ಲ. ಅಳಿಯನೆಂಬ ಮರ್ಯಾದೆ ಅಂದುಕೊಂಡಿದ್ದೆ. ಕಾರಣ ಬೇರೆಯೇ ಇತ್ತು.

ಒಂದು ದಸರಾ ರಜೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಬೆಳಿಗ್ಗೆ ಅವರ ಜೊತೆ ಹಾಲಿನ ಡೈರಿಗೆ ಹೋದೆ. ಅಲ್ಲಿ ಕ್ಯಾನು ಹಿಡಿದು ನಿಂತಿದ್ದ ನಾರೆಪ್ಪ ಎಂಬ ಹಿರಿಯರು, ಮಾವನ ವಾರಿಗೆಯವರು, ಗಟ್ಟಿಯಾಗಿ, "ರಾರಾ, ಪಾರಿಪೋಯಿನೋಳ್ಳು ವಚ್ಚಿರಿ, ದಾರಿ ಬಿಡ್ರಪ್ಪ! ಅರ್ಜೆಂಟಾಗಿ ಎಲ್ಲಿಗೋ ಓಡ್ಬೇಕೇನೋ," ಅಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಮಾವ ಹಾಲು ಹಾಕಿ, ತಲೆ ಬಗ್ಗಿಸಿ, ಬೇಗ ಬೇಗ ನಡೆದುಬಿಟ್ಟರು. ಆ ಬೇಗ ನಡೆದದ್ದಕ್ಕೂ ಹಿಂದಿನಿಂದ ನಗು ಬಂತು.

ಆ ಊರಲ್ಲಿ ಅರ್ಧ ಮಾತು ತೆಲುಗು. ವಚ್ಚಿರಿ ಅಂದರೆ ಬಂದರು, ಪಾರಿಪೋಯಿನೋಳ್ಳು ಅಂದರೆ ಓಡಿಹೋದವರು. ಮನೆತನಕ್ಕೆ ಊರು ಇಟ್ಟ ಹೆಸರು ಅದು. ಮಾವನ ಹಿರೀಕರಲ್ಲಿ ಯರ್ರಪ್ಪ ಅಂತ ಒಬ್ಬ ನಂದಿಬೆಟ್ಟದ ಕೋಟೆಯಲ್ಲಿ ಸುಲ್ತಾನನ ಸಿಪಾಯಿಯಾಗಿದ್ದನಂತೆ. ಸಾವಿರದ ಏಳುನೂರ ತೊಂಬತ್ತೊಂದರಲ್ಲಿ ಕಂಪನಿಯವರು ಫಿರಂಗಿಯಿಂದ ಗೋಡೆ ಒಡೆದು ನುಗ್ಗಿದಾಗ ಯರ್ರಪ್ಪ ಬೆಟ್ಟ ಇಳಿದು ಓಡಿದವನು, ಚಿಕ್ಕಬಳ್ಳಾಪುರದಲ್ಲಿ ನಿಲ್ಲದೆ, ಶಿಡ್ಲಘಟ್ಟದಲ್ಲಿ ನಿಲ್ಲದೆ, ಚಿಂತಾಮಣಿಯಲ್ಲೂ ನಿಲ್ಲದೆ, ಈ ಊರಿಗೆ ಬಂದೇ ಉಸಿರು ಬಿಟ್ಟನಂತೆ. ಅಷ್ಟು ದೂರ ಓಡುವುದಕ್ಕೂ ಎದೆಗಾರಿಕೆ ಬೇಕು ಅಂತ ನನ್ನ ಅಭಿಪ್ರಾಯ. ಅದನ್ನು ಮಾವನ ಮುಂದೆ ಹೇಳಲು ನನಗೆ ಅಷ್ಟು ಎದೆಗಾರಿಕೆ ಇರಲಿಲ್ಲ. ಎರಡು ನೂರು ವರ್ಷವಾದರೂ, ಆ ಮನೆಯವರು ನ್ಯಾಯಕ್ಕೆ ಕೂತರೆ, ಜಮೀನಿನ ಬದು ಕೇಳಿದರೆ, ಕೊನೆಗೆ ಯಾರಾದರೂ ಒಬ್ಬರು ಆ ಹೆಸರು ಎತ್ತುತ್ತಿದ್ದರು. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಅವತ್ತು ಮಧ್ಯಾಹ್ನ ಅವರನ್ನು ಸಮಾಧಾನ ಮಾಡಲು ನನ್ನ ಹದಿನೆಂಟು ಪುಟ ತೆಗೆದೆ. ಮೇಷ್ಟ್ರಿಗೆ ಬೇರೆ ಯಾವ ಔಷಧಿಯೂ ಗೊತ್ತಿರುವುದಿಲ್ಲ. "ಮಾವ, ಯುದ್ಧದಲ್ಲಿ ಯಾರೂ ಬೇಕಂತ ಓಡೋದಿಲ್ಲ. ನೋಡಿ, ಇದರಲ್ಲಿ ಅದಕ್ಕೇ ಒಂದು ನಿಯಮ ಇದೆ. ಜೊತೆಗಾರರು ಅರ್ಧಕ್ಕರ್ಧ ಬಿದ್ದರೆ ದಾಳ ಹಾಕಬೇಕು. ಕಮ್ಮಿ ಬಿದ್ದರೆ ಎಂಥಾ ಶೂರನೂ ಹಿಂದಕ್ಕೆ ಓಡಬೇಕು. ಧೈರ್ಯಾನೂ ದಾಳದ ಮೇಲೇ."

ಮಾವ ಆ ಪುಟ ಈಸಿಕೊಂಡು ಹಿಂದೆ ಮುಂದೆ ತಿರುವಿದರು. ಆಮೇಲೆ, "ಅಂಗಾರೆ ಇನ್ನೊಂದ್ಸಲ ಹಾಕಿದ್ರೆ ನಿಲ್ಲಬೌದಾ?" ಅಂದರು.

"ನಿಲ್ಲಬಹುದು."

"ಆಡಣ. ನಂದಿ ಕೋಟೇನೇ ಆಡಣ."

ಸಂಜೆಯೊಳಗೆ ಅವರು ನಾರೆಪ್ಪನವರ ಹತ್ತಿರ ಪಂದ್ಯ ಕಟ್ಟಿಯೇ ಬಂದಿದ್ದರು. ಒಡೆದ ಗೋಡೆಯ ಜಾಗದಲ್ಲಿ ಯರ್ರಪ್ಪನನ್ನು ನಿಲ್ಲಿಸಬೇಕು. ಯುದ್ಧ ಮುಗಿದಾಗ ಅವನು ಅಲ್ಲೇ ಇದ್ದರೆ ನಾರೆಪ್ಪ ಇನ್ನು ಬಾಯಲ್ಲಿ ಆ ಹೆಸರು ತರುವಂತಿಲ್ಲ. ಓಡಿದರೆ, ಡೈರಿಯಲ್ಲಿ ಆ ಹೆಸರು ಕೂಗಿದಾಗೆಲ್ಲ ಮಾವ ತಲೆಯೆತ್ತಿ "ಓ" ಅನ್ನಬೇಕು. ನಾನು ಕಂಪನಿ ಸೈನ್ಯದ ದಂಡನಾಯಕ. ನಾರೆಪ್ಪ ಒಂದೇ ಒಂದು ಷರತ್ತು ಹಾಕಿದ್ದರಂತೆ: "ಅಳಿಯ ಬೇಕಂತ ಸೋತ್ರೆ ಲೆಕ್ಕಕ್ಕಿಲ್ಲ. ನಾನೇ ಬಂದು ಕುತ್ಕೊಂಡು ನೋಡ್ತೀನಿ."

ಸುಜಾತ ಇದನ್ನು ಕೇಳಿ, "ಬೇಕಂತ ಸೋಲೋದಾ? ನನ್ನ ತಂಗಿ ಮಗಳ ಜೊತೆ ಹಾವು ಏಣಿ ಆಡಿ ಸೋತಿದ್ದಕ್ಕೆ ಇವರು ರಾತ್ರಿ ಊಟ ಬಿಟ್ಟಿದ್ರು," ಅಂದಳು. ಅದು ಸುಳ್ಳು. ಊಟ ಮಾಡಿದ್ದೆ, ಮಜ್ಜಿಗೆ ಮಾತ್ರ ಬೇಡ ಅಂದಿದ್ದೆ.

ಸಿಪಾಯಿಗಳು ಬೇಕಲ್ಲ? ಆ ಗಡ್ಡದವರ ಹಾಗೆ ಎರಕದ ಗೊಂಬೆ ತರಿಸುವುದು ಕನಸಿನ ಮಾತು. ಆ ವಾರ ತಾನೇ ಮನೆಯಲ್ಲಿ ಗೂಡು ಬಿಡಿಸಿದ್ದರು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳಿಂದ ಬಿಡಿಸಿದ ಹಳದಿ ಗೂಡುಗಳು ಚಾಪೆಯ ಮೇಲೆ ರಾಶಿ ಬಿದ್ದಿದ್ದವು. ಮಾರನೆಯ ದಿನ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಹೊರಡಬೇಕು. ಮಾವ ಒಂದು ಗೂಡು ಎತ್ತಿ ನಿಲ್ಲಿಸಿದರು. ಹೆಬ್ಬೆರಳುದ್ದ, ನಡು ಸ್ವಲ್ಪ ಸಣ್ಣ, ತಲೆ ಗುಂಡಗೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಿಪಾಯಿಯೇ!

ಹಳದಿ ಗೂಡು ನಲವತ್ತು ತೆಗೆದಿಟ್ಟರು. ಅವಕ್ಕೆ ಸ್ಕೆಚ್ ಪೆನ್ನಿನಲ್ಲಿ ಹುಲಿಪಟ್ಟೆ ಎಳೆದರೆ ಸುಲ್ತಾನನ ಸೈನ್ಯ. ಪಕ್ಕದ ತೋಟದವರಿಂದ ಅದೇ ವಾರದ ಬಿಳಿ ಗೂಡು ಐವತ್ತು ತಂದೆವು. ಕೆಂಪು ಇಂಕಿನಲ್ಲಿ ಅಂಗಿ ಹಚ್ಚಿದರೆ ಕಂಪನಿಯವರು. ಪೊರಕೆಕಡ್ಡಿ ಬಂದೂಕು, ನಿಲ್ಲಲು ಕೆಳಗೆ ಒಂದು ಉಂಡೆ ಜೇಡಿಮಣ್ಣು. ಪೆನ್ನಿನ ಕ್ಯಾಪಿಗೆ ಅಂಗಿ ಗುಂಡಿ ಅಂಟಿಸಿ ಫಿರಂಗಿ. ಎಲ್ಲಕ್ಕಿಂತ ಚೆಂದದ, ಒಂದು ಕಲೆಯೂ ಇಲ್ಲದ ಗೂಡನ್ನು ಮಾವ ಮೊದಲೇ ಆರಿಸಿ ದೇವರ ಗೂಡಿನಲ್ಲಿ ಎತ್ತಿಟ್ಟಿದ್ದರು. ಅದು ಯರ್ರಪ್ಪ. ಮೂರು ದಿನ ಬಿಟ್ಟು ತೆಗೆದು, ಅದಕ್ಕೆ ಮೀಸೆ ಬರೆಯಲು ಒಂದು ಇಡೀ ಮಧ್ಯಾಹ್ನ ತೆಗೆದುಕೊಂಡರು. ಬರೆದ ಮೇಲೆ ನೋಡಿದರೆ ಅದು ಅವರದೇ ಮೀಸೆ.

ಹುಳುಮನೆ ಖಾಲಿಯಿತ್ತು. ಬ್ಲೀಚಿಂಗ್ ಪುಡಿಯ ವಾಸನೆ ಇನ್ನೂ ಹೋಗಿರಲಿಲ್ಲ. ಹುಳುವಿನ ದೊಡ್ಡ ಬಿದಿರು ತಟ್ಟೆಗಳನ್ನು ಜೋಡಿಸಿ ಅದರ ಮೇಲೆ ಕೆಮ್ಮಣ್ಣಿನಲ್ಲಿ ನಂದಿಬೆಟ್ಟ ಕಟ್ಟಿದೆವು. ನಾನು ಪುಸ್ತಕ ನೋಡಿ ಕಟ್ಟಿದೆ, ಮಾವ ನೆನಪಿನಿಂದ ತಿದ್ದಿದರು. ಆ ಒಂದು ವಾರ ಇದ್ದ ಹಾಗೆ ಮಾವನ ಜೊತೆ ನಾನು ಯಾವತ್ತೂ ಇರಲಿಲ್ಲ. ಕೈಗೆಲ್ಲ ಮಣ್ಣು ಮೆತ್ತಿಕೊಂಡು ಕುಕ್ಕರುಗಾಲಲ್ಲಿ ಕೂತು, "ಮೇಷ್ಟ್ರೆ, ಇಲ್ಲೊಂದು ಬುರುಜು ಬರ್ತದೆ, ಹಾಕಿ," ಅನ್ನುವರು. ಅತ್ತೆ ಕಾಫಿ ತಂದವರು ಬಾಗಿಲಲ್ಲೇ ನಿಂತು ಒಮ್ಮೆ ಗೂಡುಗಳ ಸಾಲನ್ನು, ಒಮ್ಮೆ ನಮ್ಮನ್ನು ನೋಡಿ, ಸೆರಗು ಬಾಯಿಗೆ ಹಿಡಿದು ಹೋಗುತ್ತಿದ್ದರು. ಗಂಡಸರ ಯುದ್ಧಕ್ಕೆ ಹೆಂಗಸರು ನಗುವುದು ಇದ್ದದ್ದೇ ಎಂದು ನಾವು ಗಮನ ಕೊಡಲಿಲ್ಲ.

ಭಾನುವಾರ ಬೆಳಿಗ್ಗೆ ಡೈರಿಗೆ ಹಾಲು ಹಾಕಿದ ಮೇಲೆ ನಾರೆಪ್ಪ ಬಂದರು. ಚಪ್ಪಲಿ ಹೊರಗೆ ಬಿಟ್ಟು, ತಟ್ಟೆಯ ಪಕ್ಕ ಸ್ಟೂಲು ಹಾಕಿಸಿಕೊಂಡು ಕೂತರು. ಊರು ಯಾವಾಗಲೂ ಹಾಗೆಯೇ, ನೋಡುವುದಕ್ಕೆ ಮೊದಲು ಕುರ್ಚಿ ಕೇಳುತ್ತದೆ. ದಾಳದ ಬದಲು ಚೌಕಾಬಾರದ ನಾಲ್ಕು ಕವಡೆ. ಹೆಜ್ಜೆ ಅಳೆಯಲು ಸುಜಾತಳ ಟೈಲರಿಂಗ್ ಟೇಪು.

ಮೊದಲ ಅರ್ಧ ಗಂಟೆ ಮಾವ ನನ್ನನ್ನು ಅರೆದುಬಿಟ್ಟರು. ಬೆಟ್ಟದ ಮೇಲಿಂದ ಬಂಡೆ ಉರುಳಿಸಬಹುದು ಎಂದು ನಿಯಮ ಬರೆದವನು ನಾನೇ. ಬಂಡೆಗೆ ಅಂತ ಅವರು ಒಂದು ಬೊಗಸೆ ಅಂಟುವಾಳದ ಬೀಜ ತಂದಿಟ್ಟುಕೊಂಡಿದ್ದರು. ಒಂದು ಬೀಜ ಉರುಳಿದರೆ ನನ್ನ ನಾಲ್ಕು ಸಿಪಾಯಿ ಅಂಗಾತ. "ಹೋಯ್ತು! ಹೋಯ್ತು! ಇನ್ನೊಂದು ತಗೊಳ್ಳಿ ಮೇಷ್ಟ್ರೆ!" ಅಂತ ಅವರು ಕೂಗಿದಾಗ ಹೊರಗೆ ಕಟ್ಟಿದ್ದ ಹಸು ಕೂಡ ಒಮ್ಮೆ ಅಂಬಾ ಅಂದಿತು. ನಾರೆಪ್ಪನೂ ತಡೆಯಲಾರದೆ ಒಂದು ಬೀಜ ಉರುಳಿಸಿ, ಮಧ್ಯಸ್ಥ ತಾನೆಂದು ನೆನಪಾಗಿ ಕೈ ಹಿಂದಕ್ಕೆ ಕಟ್ಟಿಕೊಂಡರು.

ಆದರೆ ಫಿರಂಗಿ ಫಿರಂಗಿಯೇ. ಗೋಡೆ ಒಡೆಯಿತು. ಒಡಕಿನಲ್ಲಿ ನಿಂತಿದ್ದ ಹನ್ನೆರಡು ಹುಲಿಪಟ್ಟೆಗಳಲ್ಲಿ ಆರು ಬಿದ್ದವು. ಉಳಿದ ಆರರ ನಡುವೆ ಮೀಸೆಯ ಯರ್ರಪ್ಪ. ನಾನು ಟೇಪು ಕೆಳಗಿಟ್ಟೆ. ನಾರೆಪ್ಪನೇ ಹೇಳಿದರು: "ಅರ್ಧ ಬಿದ್ವು. ಕವಡೆ ಹಾಕು ಮುನೆಂಕ್ಟಪ್ಪ. ಎರಡು, ಅದಕ್ಕಿಂತ ಜಾಸ್ತಿ ಬಿದ್ರೆ ನಿಂತಂಗೆ. ಒಂದು ಬಿದ್ರೆ ಓಡ್ದಂಗೆ."

ಮಾವ ಕವಡೆ ಹಣೆಗೆ ಒತ್ತಿಕೊಂಡರು. ಹಾಕಿದರು.

ಒಂದು.

"ಪಾರಿಪೋಯೆ!" ನಾರೆಪ್ಪ ತೊಡೆ ತಟ್ಟಿದರು. "ಎತ್ತಿಡು ಹಿಂದಕ್ಕೆ."

ಮಾವನ ಕೈ ಯರ್ರಪ್ಪನ ಮೇಲೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಅರವತ್ತೈದು ವರ್ಷದ ಮನುಷ್ಯ, ಒಂದು ರೇಷ್ಮೆಗೂಡನ್ನು ಒಂದು ಗೇಣು ಹಿಂದಕ್ಕೆ ಸರಿಸಲಾರದೆ ಕೂತಿದ್ದರು. ನನ್ನ ಹದಿನೆಂಟು ಪುಟಗಳಿಗೆ ಬೆಂಕಿ ಹಾಕಬೇಕು ಅನ್ನಿಸಿತು. ನಾನು ಅಷ್ಟು ಚೆನ್ನಾಗಿ ಆಡಬಾರದಿತ್ತು. ಅವರ ಮುಖ ನೋಡಲಾಗದೆ ನನ್ನ ಸೈನ್ಯದ ಕಡೆ ನೋಡಿದೆ. ನನ್ನ ಕ್ಯಾಪ್ಟನ್ನಿನ ತಲೆ ಒದ್ದೆಯಾಗಿತ್ತು.

ಇಂಕು ಬಿಡುತ್ತಿದೆ ಅಂದುಕೊಂಡೆ. ಬೆರಳಲ್ಲಿ ಒರೆಸಲು ಹೋದರೆ ಒಳಗಿನಿಂದ ಏನೋ ನೂಕಿತು. ತಲೆ ಸೀಳಿತು. ಎರಡು ಕರಿ ಕಣ್ಣು, ಎರಡು ಬಾಚಣಿಗೆಯಂಥ ಮೀಸೆ, ಆಮೇಲೆ ಮುದುರಿದ ಒದ್ದೆ ರೆಕ್ಕೆ. ಕಂಪನಿಯ ಕ್ಯಾಪ್ಟನ್ನಿನೊಳಗಿಂದ ಒಂದು ಚಿಟ್ಟೆ ಎದ್ದು ಬಂದು, ನನ್ನ ಫಿರಂಗಿಯ ಮೇಲೆ ಹತ್ತಿ ಕೂತಿತು.

ಅಷ್ಟರಲ್ಲಿ ಕೋಟೆಯ ಬುರುಜಿನಲ್ಲೊಂದು. ಫಿರಂಗಿಯ ಹಿಂದೆ ಎರಡು. ಸತ್ತು ಅಂಗಾತ ಬಿದ್ದವರೂ ಏಳತೊಡಗಿದರು. ನಲವತ್ತು ವರ್ಷದಿಂದ ಹುಳು ಸಾಕಿದ ಮನೆ ಅದು! ಆದರೆ ಗೂಡು ಬಿಡಿಸಿದ ಮಾರನೇ ದಿನ ಮಾರ್ಕೆಟ್ಟು, ಅಲ್ಲಿಂದ ನೂಲು ತೆಗೆಯುವವರ ಮನೆ. ಹನ್ನೆರಡು ದಿನದ ಗೂಡು ಎಂಬುದನ್ನು ಮಾವನೂ ನೋಡಿದವರಲ್ಲ, ನಾರೆಪ್ಪನೂ ನೋಡಿದವರಲ್ಲ. ಒಳಗೆ ಜೀವವಿದೆ, ಅದು ಹೊರಗೆ ಬರುತ್ತದೆ ಎಂಬುದು ಇಬ್ಬರಿಗೂ ಗೊತ್ತಿದ್ದ ಸಂಗತಿಯೇ. ಗೊತ್ತಿದ್ದೂ ಹೊಳೆದಿರಲಿಲ್ಲ.

ಆಮೇಲಿನದನ್ನು ಯುದ್ಧ ಅನ್ನಲಾಗದು. ರೇಷ್ಮೆ ಚಿಟ್ಟೆಗೆ ಹಾರಲು ಬರುವುದಿಲ್ಲ. ರೆಕ್ಕೆ ಪಟಪಟ ಬಡಿಯುತ್ತ, ಗಿರಗಿರ ಸುತ್ತುತ್ತ, ಬಂದೂಕು ಬೀಳಿಸಿ, ಗೋಡೆ ಹತ್ತಿ, ಕೋಟೆಯವರು ಕೆಳಗೆ ಬಂದರು, ಕೆಳಗಿನವರು ಕೋಟೆಗೆ ಹೋದರು. ಹೋದವರು ಸುಮ್ಮನಿದ್ದರೇ? ಸುಲ್ತಾನನ ಕಡೆಯವರು ಕಂಪನಿಯ ಕಡೆಯವರ ಜೊತೆ ಜೋಡಿ ಕಟ್ಟಿಕೊಂಡು ಬಿಟ್ಟರು! ನಂದಿಬೆಟ್ಟದ ತುಂಬ ಸಂಸಾರ. ನಾರೆಪ್ಪ ಮೊದಲು "ಅಯ್ಯಯ್ಯೋ" ಅಂದರು, ಆಮೇಲೆ ನಕ್ಕರು, ಆಮೇಲೆ ಸ್ಟೂಲಿನಿಂದ ಜಾರಿ ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡರು. ಸುಜಾತ ಓಡಿಬಂದಳು. ನಾನು ಚಿಟ್ಟೆಗಳನ್ನು ಅವರವರ ಸೈನ್ಯಕ್ಕೆ ವಾಪಸು ಇಡಲು ನೋಡುತ್ತಿದ್ದೆನಂತೆ. ಇರಬಹುದು. ಶಿಸ್ತು ಅಂತ ಒಂದಿದೆಯಲ್ಲ.

ನಗದೇ ಇದ್ದವರು ಮಾವ ಒಬ್ಬರೇ. ಅವರ ಕೈ ಇನ್ನೂ ಒಡಕಿನ ಹತ್ತಿರವೇ ಇತ್ತು. ಯರ್ರಪ್ಪನ ಬಲಕ್ಕಿದ್ದವನು ತಲೆ ಸೀಳಿಕೊಂಡು ಹೊರಟ. ಎಡಕ್ಕಿದ್ದವನು ಹೊರಟ. ಹಿಂದಿನ ಮೂವರೂ ಹೊರಟರು. ಯರ್ರಪ್ಪ ಹೊರಡಲಿಲ್ಲ. ನಾವೆಲ್ಲ ಒಬ್ಬೊಬ್ಬರಾಗಿ ನಗು ನಿಲ್ಲಿಸಿ ಅವನನ್ನೇ ನೋಡತೊಡಗಿದೆವು. ಅರ್ಧ ಗಂಟೆ ಆಯಿತು. ಒಂದು ಗಂಟೆ ಆಯಿತು. ತೊಂಬತ್ತು ಸಿಪಾಯಿಗಳಲ್ಲಿ ಸುಮಾರು ಎಲ್ಲರೂ ಹುದ್ದೆ ಬಿಟ್ಟು ಹೋಗಿದ್ದರು. ಮೀಸೆ ತಿರುವಿಕೊಂಡು ಒಡಕಿನಲ್ಲಿ ನಿಂತವನು ಒಬ್ಬನೇ.

ನಾರೆಪ್ಪ ಎದ್ದು ಬಂದು ಬಗ್ಗಿ ನೋಡಿದರು. ಅಪ್ಪಣೆ ಕೇಳಿ, ಎತ್ತಿಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಲೊಟಲೊಟ ಸದ್ದಾಯಿತು. "ಒಳಗವನೆ. ಬರಲ್ಲ ಅಂತವನೆ," ಅಂದರು. ಎತ್ತಿಕೊಂಡ ಜಾಗದಲ್ಲೇ ಜೋಪಾನವಾಗಿ ಇಟ್ಟರು.

"ಕವಡೆ ಒಂದು ಬಿದ್ದಿತ್ತು," ಅಂದರು ಮಾವ, ಮೆಲ್ಲಗೆ. ಸುಳ್ಳು ಹೇಳಿ ಗೆಲ್ಲುವ ಮನುಷ್ಯ ಅಲ್ಲ ಅವರು.

"ಬೀಳ್ಲಿ ಬಿಡಪ್ಪಾ. ಊರಿಗೂರೇ ಎದ್ದೋದಾಗ ಒಬ್ಬ ನಿಂತವನಲ್ಲ, ಅವನ್ಗೆ ಕವಡೆ ಏನು ಹೇಳ್ತದೆ?" ನಾರೆಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ನಾನು ಸೋತೆ. ಇನ್ಮೇಲೆ ಆ ಮಾತು ನನ್ನ ಬಾಯಲ್ಲಿ ಬರಲ್ಲ."

ಮಾವ ಆಗ ನಕ್ಕರು. ಅವರ ಹಲ್ಲಿನ ಸಾಲು ನಾನು ನೋಡಿದ್ದು ಅದೇ ಮೊದಲು. ನಾರೆಪ್ಪನ ಎರಡೂ ಕೈ ಹಿಡಿದುಕೊಂಡು ಅಲ್ಲಾಡಿಸಿದರು. ಆ ಮೇಲೆ ನನ್ನ ಬೆನ್ನ ಮೇಲೆ ಎಂಥಾ ಏಟು ಕೊಟ್ಟರೆಂದರೆ, ಅಳಿಯನ ಮರ್ಯಾದೆ ಅವತ್ತಿಗೆ ಮುಗಿಯಿತು ಅಂತ ನನಗೆ ಖಾತ್ರಿಯಾಯಿತು. ಮಾರನೇ ದಿನ ಡೈರಿಯಲ್ಲಿ ನಾರೆಪ್ಪ, "ನಿಲ್ಚಿನೋಳ್ಳು ವಚ್ಚಿರಿ, ಮೊದ್ಲು ಅವರ್ದು ಅಳೀರಪ್ಪ," ಅಂತ ಕೂಗಿದರು. ನಿಂತವರು ಬಂದರು. ಸಾಲು ನಿಜವಾಗಿಯೂ ಸರಿದು ದಾರಿ ಬಿಟ್ಟಿತು. ಮಾವ ಅವತ್ತು ಆ ದಾರಿಯಲ್ಲಿ ಎಷ್ಟು ನಿಧಾನ ನಡೆದರೆಂದರೆ, ಕ್ಯಾನು ಹಿಡಿದ ನನ್ನ ಕೈ ನೋಯಿತು.

ರಜೆ ಮುಗಿದು ಚಿಂತಾಮಣಿಗೆ ಹೊರಡುವ ಹೊತ್ತಿಗೆ ಅತ್ತೆ ಬುತ್ತಿ ಕಟ್ಟಿಕೊಡುತ್ತಿದ್ದರು. ನಾನು ಇನ್ನೂ ಅದೇ ಗುಂಗಿನಲ್ಲಿದ್ದೆ. "ಆದ್ರೂ ಅತ್ತೆ, ಯರ್ರಪ್ಪ ಒಬ್ಬನೇ ನಿಂತಿದ್ದು ಆಶ್ಚರ್ಯ ಅಲ್ವಾ?" ಅಂದೆ.

ಅತ್ತೆ ಹಿಂದೆ ಮುಂದೆ ನೋಡಿದರು. ಮಾವ ತೋಟದಲ್ಲಿದ್ದರು. "ಆಶ್ಚರ್ಯ ಏನು ಬಂತು ಅಳಿಯಂದ್ರೆ? ನಮ್ಮ ತೌರಲ್ಲಿ ಚಿಟ್ಟೆ ಬರಿಸಿ ಮೊಟ್ಟೆ ತೆಗೆಯೋ ಬಿತ್ತನೆ ಗೂಡು ಬೆಳೀತಿದ್ರು. ಎಷ್ಟು ದಿನಕ್ಕೆ ಚಿಟ್ಟೆ ಬರ್ತದೆ ಅಂತ ನನಗೆ ಗೊತ್ತಿಲ್ವಾ? ದೇವರ ಗೂಡಲ್ಲಿ ಇಟ್ಟಿದ್ರಲ್ಲ, ಅದನ್ನ ಸೋಮವಾರ ಬೆಳಿಗ್ಗೆ ತಗೊಂಡೋಗಿ ಇಡ್ಲಿ ಜೊತೇಲಿ ಒಂದು ಹಬೆ ಬೇಯಿಸಿ, ಒಣಗಿಸಿ, ಅಲ್ಲೇ ಇಟ್ಬಿಟ್ಟೆ."

ಸೋಮವಾರದ ಇಡ್ಲಿ. ಮೆತ್ತಗಿದೆ ಅಂತ ಹೊಗಳಿ ನಾನು ಎಂಟು ತಿಂದಿದ್ದೆ.

"ಅಂದ್ರೆ ನಿಮಗೆ ಮೊದಲಿಂದ್ಲೂ ಗೊತ್ತಿತ್ತು! ಹೇಳಬಾರದಾಗಿತ್ತಾ? ಮಿಕ್ಕವನ್ನೂ ಹಬೆಗೆ ಹಾಕಿದ್ರೆ ಆಗ್ತಿರಲಿಲ್ವಾ ಅತ್ತೆ?"

ಅತ್ತೆ ಬುತ್ತಿಯ ಗಂಟನ್ನು ಬಿಗಿದು ನನ್ನ ಕೈಗಿತ್ತರು. "ಮದುವೆಯಾಗಿ ಬಂದ ಮೂರನೇ ದಿನ ಬಾವಿಗೆ ನೀರಿಗೆ ಹೋದ್ರೆ, ಪಾರಿಪೋಯಿನೋಳ್ಳ ಸೊಸೆ ಬಂದ್ಲು ಅಂತ ನಕ್ಕಿದ್ರು. ಮಿಕ್ಕೋರು ಓಡಿದ್ರೆ ಓಡ್ಲಿ ಬಿಡಿ ಅಳಿಯಂದ್ರೆ. ಅವರ ಮನೆಗೆ ಸೊಸೆಯಾಗಿ ಬಂದೋಳು ನಾನಲ್ವಲ್ಲ."